ಸಿಕ್ಕಿತು, ‘ಣ’ದಿಂದ ಒಂದು ಪದ!

ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಯಿತೆಂದರೆ ನಮ್ಮ ಮನೆಯ ಜಗಲಿಯಲ್ಲಿ ಅಂತ್ಯಾಕ್ಷರಿ ಶುರು. ಲಾಟೀನಿನ ಆಚೆ ಅತ್ತೆಯ ಮಕ್ಕಳು, ಈಚೆ ನಾವು, ನಡುವೆ ಎಲೆಅಡಿಕೆ ಮೆಲ್ಲುತ್ತ ಕೂತ ಅಜ್ಜಿಯೇ ತೀರ್ಪುಗಾರ್ತಿ. ಹಾಡು ಯಾರಿಗೂ ಪೂರ್ತಿ ಬರುತ್ತಿರಲಿಲ್ಲ, ಹಾಗಾಗಿ ಬರೀ ಪದಗಳ ಆಟ. ‘ಮರ’ ಎಂದರೆ ‘ರಥ’, ‘ರಥ’ ಎಂದರೆ ‘ಥಳಕು’, ‘ಥಳಕು’ ಎಂದರೆ ‘ಕುದುರೆ’. ಅಷ್ಟರಲ್ಲಿ ಆಚೆ ಪಕ್ಕದಿಂದ ಅತ್ತೆಯ ಮಗ ಎದ್ದು ನಿಂತು ಕೂಗಿದ: ‘ರಾವಣ!’

ಣ. ಣದಿಂದ ಏನಿದೆ? ನಾನು ಕಣ್ಣು ಮುಚ್ಚಿ ತಡಕಾಡಿದೆ. ಬಾಣ, ಗುಣ, ಹಣ, ಹೂರಣ… ಎಲ್ಲದರ ಬಾಲದಲ್ಲೂ ಣ ಇದೆ, ತಲೆಯಲ್ಲಿ ಮಾತ್ರ ಒಂದರಲ್ಲೂ ಇಲ್ಲ. ಆಚೆಯವರು ಒಂದರಿಂದ ಹತ್ತು ಎಣಿಸಲು ತೊಡಗಿದರು. ನನ್ನ ಕಣ್ಣಲ್ಲಿ ನೀರು.

“ಣ ಬಂದ್ರೆ ನ ಹೇಳು ಪುಟ್ಟೀ, ಳ ಬಂದ್ರೆ ಲ ಹೇಳು. ಹಿಂದಿಂದ್ಲೂ ಇರೋ ಕಟ್ಟು ಅದು” ಎಂದಳು ಅಜ್ಜಿ.

“ಯಾಕಜ್ಜಿ?”

“ಆ ಅಕ್ಷರಗಳಿಂದ ಮಾತು ಹುಟ್ಟೋದಿಲ್ಲ, ಅದಕ್ಕೆ.”

ಆಟ ಮುಂದೆ ಹೋಯಿತು. ನನ್ನ ತಲೆಯೊಳಗೆ ಮಾತ್ರ ಆ ಪ್ರಶ್ನೆ ಅಲ್ಲೇ ಉಳಿಯಿತು. ಮಾತು ಹುಟ್ಟದ ಅಕ್ಷರ ಎಂದರೇನು? ಅಕ್ಷರಮಾಲೆಯಲ್ಲಿ ಎಲ್ಲರ ಜೊತೆ ಸಾಲಾಗಿ ನಿಂತಿದೆ, ಬರೆಯಲು ಕಲಿಸುತ್ತಾರೆ, ತಪ್ಪಿದರೆ ಬೈಯುತ್ತಾರೆ, ಆದರೂ ಅದಕ್ಕೆ ಮೊದಲ ಸ್ಥಾನವಿಲ್ಲ ಅಂದರೆ? ಎಷ್ಟೋ ವರ್ಷಗಳ ನಂತರ, ದಿನಪತ್ರಿಕೆಯ ಪದಬಂಧ ತುಂಬಿಸುವ ಚಟ ಹತ್ತಿ, ಅಪರೂಪದ ಮೊದಲಕ್ಷರಗಳ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರುಮಾಡಿದಾಗ ಆ ಪ್ರಶ್ನೆ ಮತ್ತೆ ಎದ್ದಿತು. ನಾಲ್ಕು ಪದ ಹುಡುಕಲೆಂದು ನಿಘಂಟು ತೆರೆದವಳು ಎರಡು ಸಾವಿರ ವರ್ಷ ಹಿಂದಕ್ಕೆ ನಡೆದುಬಿಟ್ಟೆ. ನಾನು ಕಂಡದ್ದನ್ನು ನಿಮಗೂ ತೋರಿಸದೆ ಇರಲಾರೆ!

ಒಂದು ಪುಟದ ಅಕ್ಷರಗಳು

ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ, ಅದರಲ್ಲಿ 34 ವ್ಯಂಜನ. ಮಕ್ಕಳ ಪಟದಲ್ಲಿ ಅ ಎಂದರೆ ಅರಸ, ಆ ಎಂದರೆ ಆನೆ. ಅದೇ ಪಟದಲ್ಲಿ ಣ ಬಂದಾಗ ಚಿತ್ರ ಬರೆಯುವವರು ಪೇಚಿಗೆ ಬಿದ್ದು ‘ಬಾಣ’ ಬರೆಯುತ್ತಾರೆ, ಳ ಬಂದಾಗ ‘ಕೊಳಲು’. ಙ, ಞ ಎರಡಕ್ಕೆ ಚಿತ್ರವೇ ಇಲ್ಲ.

ನನ್ನ ಹುಡುಕಾಟಕ್ಕೆ ಎರಡು ನಿಘಂಟುಗಳು ಜೊತೆಯಾದವು. ಒಂದು, ಜರ್ಮನಿಯಿಂದ 1853ರಲ್ಲಿ ಬಂದಿಳಿದ ಫರ್ಡಿನೆಂಡ್ ಕಿಟ್ಟೆಲ್ ಅವರದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅದರಲ್ಲಿ ಸುಮಾರು 70,000 ಪದಗಳಿವೆ. ಇನ್ನೊಂದು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು. ಅದರ ಮೊದಲ ಸಂಪುಟ 1970ರಲ್ಲಿ, ಕೊನೆಯದು 1995ರಲ್ಲಿ ಬಂತು. ಅದರ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದು 1913ರ ಆಗಸ್ಟ್‌ನಲ್ಲಿ. ಜಗತ್ತಿನ ಮೊದಲ ಪದಬಂಧವೆಂದು ಹೆಸರಾದದ್ದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅಚ್ಚಾದದ್ದೂ ಅದೇ 1913ರಲ್ಲಿ, ಡಿಸೆಂಬರ್ 21ರಂದು! ಪದಗಳನ್ನು ಕಾಯುವ ಮನುಷ್ಯ ಮತ್ತು ಪದಗಳನ್ನು ಬಚ್ಚಿಡುವ ಆಟ, ಎರಡೂ ಒಂದೇ ವರ್ಷದ ಕೂಸುಗಳು.

ಸಂಪುಟಗಳನ್ನು ಎದುರಿಗಿಟ್ಟುಕೊಂಡು ಪುಟ ಮಗುಚಿ ನೋಡಿ. ಕ, ಬ, ಮ, ಹ ಮುಗಿಯುವುದೇ ಇಲ್ಲ. ಝ, ಠ, ಢ ಬಂದವೋ ಇಲ್ಲವೋ, ಹೋಗಿಯೇಬಿಟ್ಟವು. ಆದರೆ ಆ ಕೆಲವೇ ಪುಟಗಳಲ್ಲಿ ನಿಂತು ನೋಡಿದರೆ? ಅಲ್ಲಿನ ಒಂದೊಂದು ಪದವೂ ಎಲ್ಲಿಂದಲೋ ನಡೆದು ಬಂದದ್ದು. ಯಾರ ಜೊತೆ ಬಂತು, ಯಾವ ದಾರಿಯಲ್ಲಿ ಬಂತು ಎಂಬುದು ಅದರ ಹಣೆಯ ಮೇಲೇ ಬರೆದಿದೆ.

ಆರರ ಮನೆ

ಮೊದಲು ಷ ತೆಗೆದುಕೊಳ್ಳಿ. ಷಣ್ಮುಖ, ಷಟ್ಕೋನ, ಷಡ್ರಸ, ಷಷ್ಠಿ, ಷಡ್ಜ, ಷಟ್ಪದಿ. ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆಯುತ್ತಾ ಹೋದಂತೆ ನನ್ನ ಕೈ ತಾನಾಗಿ ನಿಂತಿತು. ಎಲ್ಲವೂ ಆರು! ಆರು ಮುಖ, ಆರು ಕೋನ, ಆರು ರುಚಿ, ಆರನೇ ತಿಥಿ, ಆರು ಪಾದದ ಪದ್ಯ. ಷೋಡಶ ಎಂದರೆ ಹದಿನಾರು, ಅದರಲ್ಲೂ ಆರು ಕೂತಿದೆ. ಸಂಸ್ಕೃತದಿಂದ ಬಂದ ಷಕಾರಾದಿ ಪದಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದೇ ಮನೆಯ ಮಕ್ಕಳು. ಕುಮಾರವ್ಯಾಸ ಭಾರತ ಬರೆದ ಭಾಮಿನಿ ಷಟ್ಪದಿಯೂ, ಸಂಗೀತಗಾರ ತಂಬೂರಿ ಮೀಟಿ ಹಿಡಿಯುವ ಮೊದಲ ಸ್ವರವೂ, ಹೂವಿನ ಮೇಲೆ ಕೂತ ಆರು ಕಾಲಿನ ಷಟ್ಪದವೆಂಬ ದುಂಬಿಯೂ ನೆಂಟರು!

ಆ ಮನೆಯ ಹೊರಗೆ ಉಳಿದವು ಯಾವುವು? ಷರತ್ತು, ಷರಾ, ಷಾಮಿಯಾನ, ಷೋಕಿ. ಇವು ಪಾರಸಿ, ಅರಬ್ಬಿ ಕಡೆಯಿಂದ ಬಂದ ಅತಿಥಿಗಳು. ಕಚೇರಿಯ ಕಡತದ ಮೂಲೆಯಲ್ಲಿ ಸಾಹೇಬರು ಬರೆಯುವ ಎರಡು ಸಾಲಿನ ‘ಷರಾ’ ಪದಬಂಧದವರಿಗೆ ಚಿನ್ನ. ಎರಡೇ ಮನೆ ಸಾಕು.

ಇನ್ನು ಛ ನೋಡಿ. ಛಲ, ಛಾಯೆ, ಛಂದಸ್ಸು, ಛಾವಣಿ, ಛೀಮಾರಿ ಎಲ್ಲರಿಗೂ ಗೊತ್ತು. ಆದರೆ ಅಜ್ಜಿ ಕಥೆಗಳಲ್ಲಿ, ಯಕ್ಷಗಾನದ ಅರ್ಥಗಾರಿಕೆಯಲ್ಲಿ ಒಂದು ಮಾತು ಬರುತ್ತದೆ: ಛಪ್ಪನ್ನೈವತ್ತಾರು ದೇಶ. ರಾಜಕುಮಾರಿಯ ಸ್ವಯಂವರಕ್ಕೆ ಛಪ್ಪನ್ನೈವತ್ತಾರು ದೇಶದ ಅರಸರು ಬಂದರಂತೆ. ಚಿಕ್ಕಂದಿನಲ್ಲಿ ಅದೊಂದು ಲೆಕ್ಕಕ್ಕೆ ಸಿಗದ ಭಾರೀ ಸಂಖ್ಯೆ ಎಂದುಕೊಂಡಿದ್ದೆ. ಛಪ್ಪನ್ನ ಎಂದರೆ ಪ್ರಾಕೃತದಲ್ಲಿ ಐವತ್ತಾರು! ನಮ್ಮವರು ಪ್ರಾಕೃತದ ಐವತ್ತಾರನ್ನೂ ಕನ್ನಡದ ಐವತ್ತಾರನ್ನೂ ಬೆನ್ನಿಗೆ ಬೆನ್ನು ಕಟ್ಟಿ, ಪರಭಾಷೆಯ ಪದಕ್ಕೆ ಅರ್ಥವನ್ನೂ ಅಲ್ಲೇ ಅಂಟಿಸಿ ಮೊಮ್ಮಕ್ಕಳಿಗೆ ಕೊಟ್ಟಿದ್ದಾರೆ. ಇನ್ನೂ ಕೇಳಿ: ಸಂಸ್ಕೃತದ ‘ಷಟ್’ ಪ್ರಾಕೃತದ ಬಾಯಲ್ಲಿ ‘ಛ’ ಆಯಿತು. ಛಪ್ಪನ್ನದ ತಲೆಯ ಮೇಲಿರುವ ಛ ಅದೇ ಆರು. ನನ್ನ ನೋಟ್‌ಬುಕ್ಕಿನ ಷ ಪುಟವೂ ಛ ಪುಟವೂ ಒಳಗೊಳಗೇ ಕೈ ಹಿಡಿದಿದ್ದವು, ನಾನು ನಡುವೆ ಗೆರೆ ಎಳೆದಿದ್ದೆ!

ಒಂದೇ ಒಂದು ಸಲ ಗುಡುಗಿದ ಝ

ಝ ನೋಡಿದರೆ ಕಿವಿ ತೆರೆಯುತ್ತದೆ. ಝರಿ, ಝೇಂಕಾರ, ಝಣಝಣ, ಝಗಮಗ, ಝಂಝಾವಾತ. ಬಿಸಿಲಿನ ಝಳ. ಕತ್ತಿ ಝಳಪಿಸುವ ವೀರ. ಇವುಗಳನ್ನು ಗಟ್ಟಿಯಾಗಿ ಓದಿ ನೋಡಿ. ಅರ್ಥ ಗೊತ್ತಿಲ್ಲದ ಮಗುವಿಗೂ ಏನೋ ಹರಿದಂತೆ, ಹೊಳೆದಂತೆ, ಬೀಸಿದಂತೆ ಅನ್ನಿಸುತ್ತದೆ. ಈ ಅಕ್ಷರದ ಹೆಚ್ಚಿನ ಪದಗಳು ಸದ್ದಿನಿಂದಲೇ ಹುಟ್ಟಿದವು.

ಈ ಝ ಎಷ್ಟು ಅಪರೂಪದ್ದು ಗೊತ್ತೇ? ಋಗ್ವೇದದಲ್ಲಿ 1028 ಸೂಕ್ತಗಳಿವೆ. ಅಷ್ಟೂ ಸೂಕ್ತಗಳಲ್ಲಿ ಝ ಬರುವುದು ಒಂದೇ ಒಂದು ಪದದಲ್ಲಿ. ಐದನೇ ಮಂಡಲದಲ್ಲಿ, ಮರುತ್ತುಗಳನ್ನು, ಎಂದರೆ ಬಿರುಗಾಳಿಯ ದೇವತೆಗಳನ್ನು ಸ್ತುತಿಸುವ ಸೂಕ್ತದಲ್ಲಿ. ಆ ಪದ ‘ಜಜ್ಝತೀಃ’. ಅದೂ ಸದ್ದಿನ ಪದವೇ! ಸಾವಿರ ಸೂಕ್ತಗಳುದ್ದಕ್ಕೂ ತುಟಿ ಬಿಚ್ಚದೆ ಕೂತಿದ್ದ ಅಕ್ಷರ ಬಿರುಗಾಳಿ ಬಂದಾಗ ಮಾತ್ರ ಒಮ್ಮೆ ಬಾಯಿ ತೆರೆಯಿತು. ಇದನ್ನು ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತೆ. ಹೊರಗೆ ಗಾಳಿ ಬೀಸುತ್ತಿತ್ತು. ಅದನ್ನು ನಾವು ಇವತ್ತಿಗೂ ಝ ಹಚ್ಚಿ ‘ಝಂಝಾವಾತ’ ಎನ್ನುತ್ತೇವಲ್ಲ!

ಆಟಗಾರರೇ, ಝದಲ್ಲಿ ಇನ್ನೂ ಎರಡು ರತ್ನಗಳಿವೆ. ಒಂದು ‘ಝಷ’. ಎರಡೇ ಅಕ್ಷರ, ಅರ್ಥ ಮೀನು. ಗೀತೆಯ ಹತ್ತನೇ ಅಧ್ಯಾಯದಲ್ಲಿ ಕೃಷ್ಣ ಝಷಗಳಲ್ಲಿ ತಾನು ಮಕರ ಎನ್ನುತ್ತಾನೆ. ಬಾವುಟದಲ್ಲಿ ಮೀನು ಇರುವ ಮನ್ಮಥ ‘ಝಷಕೇತನ’. ಎರಡನೆಯದು ‘ಝಂಪೆ’, ನಮ್ಮ ಸಂಗೀತದ ಸೂಳಾದಿ ಸಪ್ತತಾಳಗಳಲ್ಲಿ ಒಂದು. ಮಿಶ್ರ ಝಂಪೆಯಾದರೆ ಹತ್ತು ಅಕ್ಷರಕಾಲ. ಎದುರಾಳಿ ‘ಝ’ ಕೊಟ್ಟು ಗೆದ್ದೆನೆಂದು ನಕ್ಕಾಗ ಮೆಲ್ಲಗೆ ‘ಝಷ’ ಎನ್ನಿ. ಅವರಿಗೆ ಷ ಹೋಗುತ್ತದೆ!

ಹುಬ್ಬು ಗಂಟಿಕ್ಕಿದ ಠ

ಠಾಣೆ, ಠಾವು, ಠೇವಣಿ. ಪೊಲೀಸ್ ಸ್ಟೇಷನ್ನಿಗೂ ಬ್ಯಾಂಕಿನ ಹಣಕ್ಕೂ ಏನು ಸಂಬಂಧ? ಮೂರೂ ಪದಗಳ ಬೇರು ಹಿಡಿದು ಎಳೆದರೆ ಒಂದೇ ಗೆಡ್ಡೆ ಮೇಲೆ ಬರುತ್ತದೆ: ‘ಸ್ಥಾ’, ನಿಲ್ಲು. ಸಂಸ್ಕೃತದ ‘ಸ್ಥಾನ’ ಪ್ರಾಕೃತದಲ್ಲಿ ‘ಠಾಣ’ ಆಯಿತು, ನಮ್ಮಲ್ಲಿ ‘ಠಾಣೆ’. ನಿಲ್ಲಿಸು, ಇಡು ಎಂಬ ಅರ್ಥದ ‘ಸ್ಥಾಪಿಸು’ ಮರಾಠಿಯಲ್ಲಿ ‘ಠೇವಣೇ’ ಆಗಿ, ಅಲ್ಲಿಂದ ನಮಗೆ ‘ಠೇವಣಿ’ ಬಂತು: ಇಟ್ಟ ಹಣ. ಮರಾಠಿ ಆಡಳಿತದ ಕಾಗದಪತ್ರಗಳ ಜೊತೆ ‘ಠರಾವು’, ‘ಠಸ್ಸೆ’ ಕೂಡ ಬಂದವು. ಪಂಚಾಯಿತಿ ಸಭೆಯಲ್ಲಿ ಠರಾವು ಪಾಸಾಗಿ ಅದಕ್ಕೆ ಠಸ್ಸೆ ಒತ್ತಿದಾಗ, ಒಂದು ಹಳೆಯ ಆಡಳಿತದ ಹೆಜ್ಜೆ ಗುರುತು ಆ ಕಾಗದದ ಮೇಲೆ ಮೂಡುತ್ತದೆ.

ಠದ ಆಕಾರವನ್ನಂತೂ ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಅಶೋಕನ ಕಾಲದ ಬ್ರಾಹ್ಮಿ ಲಿಪಿಯಲ್ಲಿ, ಎಂದರೆ ನಮ್ಮ ಮಸ್ಕಿ, ಬ್ರಹ್ಮಗಿರಿಗಳ ಬಂಡೆಗಳ ಮೇಲಿರುವ ಆ ಲಿಪಿಯಲ್ಲಿ, ಠ ಬರೆಯುವುದೆಂದರೆ ಒಂದು ದುಂಡನೆಯ ಸೊನ್ನೆ ಸುತ್ತುವುದು, ಅಷ್ಟೇ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಎಲ್ಲ ಅಕ್ಷರಗಳೂ ಬಳುಕಿ, ಬಾಗಿ, ಗುರುತು ಸಿಗದಷ್ಟು ಬದಲಾದವು. ಠ ಮಾತ್ರ ಇಂದಿಗೂ ದುಂಡಗೆ ಕೂತಿದೆ, ನಡುವೆ ಒಂದು ಚುಕ್ಕಿ, ಮೇಲೆ ಒಂದು ಗೆರೆ. ದುಂಡು, ಚುಕ್ಕಿ, ಗೆರೆ… ಕಣ್ಣುಗುಡ್ಡೆ, ಪಾಪೆ, ಹುಬ್ಬು! ಇದನ್ನು ಯಾರೋ ಗಮನಿಸಿದರು. ಎರಡು ಠ ಇಟ್ಟು ನಡುವೆ ಒಂದು ಅಡ್ಡಗೆರೆ ಎಳೆದರು: ಠ_ಠ. ಒಪ್ಪಿಗೆಯಿಲ್ಲದೆ ಹುಬ್ಬು ಗಂಟಿಕ್ಕಿ ನೋಡುವ ಮುಖ. ಕನ್ನಡವೆಂಬ ಭಾಷೆಯ ಹೆಸರನ್ನೇ ಕೇಳದ ದೇಶಗಳ ಹುಡುಗರು ಈ ಮುಖವನ್ನು ಅಂತರ್ಜಾಲದಲ್ಲಿ ಕಳಿಸುತ್ತಾರೆ. ನಮ್ಮ ನಿಘಂಟಿನಲ್ಲಿ ಕೆಲವೇ ಪುಟ ಗಿಟ್ಟಿಸಿಕೊಂಡ ಅಕ್ಷರ ಲೋಕವನ್ನೆಲ್ಲ ಸುತ್ತುತ್ತಿದೆ!

ಕರಡಿ ಹತ್ತಿದ ಆಕಾಶ

ಋದಿಂದ ಋಣ, ಋತು, ಋಷಿ ಹೇಳಿ ಮುಗಿಸುತ್ತೇವೆ. ‘ಋಜು’ ಇದೆ, ನೇರವಾದದ್ದು. ‘ಋಕ್ಷ’ ಇದೆ. ಋಕ್ಷ ಎಂದರೆ ಕರಡಿ, ಜಾಂಬವಂತ ಋಕ್ಷರಾಜ. ಅದೇ ಋಕ್ಷಕ್ಕೆ ನಕ್ಷತ್ರ ಎಂಬ ಅರ್ಥವೂ ಉಂಟು. ಕರಡಿಗೂ ನಕ್ಷತ್ರಕ್ಕೂ ಎಲ್ಲಿಯ ನಂಟು? ಸಪ್ತರ್ಷಿ ಮಂಡಲಕ್ಕೆ ಹಿಂದೆ ಋಕ್ಷಗಳೆಂಬ ಹೆಸರಿತ್ತು ಎಂದು ಶತಪಥ ಬ್ರಾಹ್ಮಣ ಹೇಳುತ್ತದೆ. ದೂರದ ಗ್ರೀಕರು ಅದೇ ನಕ್ಷತ್ರಗಳನ್ನು ನೋಡಿ ‘ಆರ್ಕ್ಟೋಸ್’ ಎಂದರು. ಅದಕ್ಕೂ ಅರ್ಥ ಕರಡಿಯೇ, ಋಕ್ಷಕ್ಕೂ ಅದಕ್ಕೂ ಮೂಲ ಒಂದೇ. ಆ ಕರಡಿ ನಕ್ಷತ್ರಗಳು ಬೆಳಗುವ ಉತ್ತರ ದಿಕ್ಕು ‘ಆರ್ಕ್ಟಿಕ್’ ಆಯಿತು. ಪದಬಂಧದ ಒಂದು ಚೌಕದಲ್ಲಿ ‘ಋ’, ಇನ್ನೊಂದರಲ್ಲಿ ‘ಕ್ಷ’ ತುಂಬುವಾಗ ನಾವು ಉತ್ತರ ಧ್ರುವದ ಹಿಮವನ್ನೇ ಮುಟ್ಟಿರುತ್ತೇವೆ.

ಹೀಗೆ ಪುಟ ತುಂಬುತ್ತಾ ಹೋಯಿತು. ಢಕ್ಕೆ, ಢಾಳ, ಢವಢವ. ಕರಾವಳಿಯ ಪಡುಬಿದ್ರಿಯಲ್ಲಿ ನಡೆಯುವ ಢಕ್ಕೆಬಲಿ. ಉತ್ತರ ಕರ್ನಾಟಕದವರ ಬಾಯಲ್ಲಿ ಹರಳುಗಿಡಕ್ಕೆ ‘ಔಡಲ’. ಸಿಟ್ಟು ಬಂದಾಗ ಕಚ್ಚಿಕೊಳ್ಳುವ ಅವುಡು ಸೇರಿ ‘ಔಡುಗಚ್ಚು’. ಬೇಂದ್ರೆಯವರ ಸಮಗ್ರ ಕಾವ್ಯದ ಹೆಸರಲ್ಲಿ ನಿಂತ ‘ಔದುಂಬರ’, ನಮ್ಮ ಅತ್ತಿಯ ಮರ. ಒಡವೆ, ನಗದು ಎಲ್ಲ ಸೇರಿದ ‘ಐವಜು’.

ಇಷ್ಟೆಲ್ಲ ಸಿಕ್ಕಿದರೂ ಆ ನಾಲ್ಕು ಬಾಗಿಲು ಮಾತ್ರ ಹಾಗೇ ಮುಚ್ಚಿದ್ದವು. ಙ, ಞ, ಣ, ಳ.

ನಾಲಿಗೆ ಒಲ್ಲೆ ಎಂದ ಕಥೆ

ಈಗ ಒಂದು ಕೆಲಸ ಮಾಡಿ. ಗಟ್ಟಿಯಾಗಿ ‘ಅಣ’ ಎನ್ನಿ, ಆಮೇಲೆ ‘ಅನ’ ಎನ್ನಿ. ಣ ಹೇಳುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳನ್ನು ಮುಟ್ಟುತ್ತದೆ. ಹಾಗೆ ಮಡಚಲು ಹೊರಟಾಗಲೇ ಹಿಂದಿನ ‘ಅ’ದ ಬಾಲ ಬಣ್ಣ ಬದಲಿಸುತ್ತದೆ. ಕಿವಿ ಣಕಾರದ ಗುರುತು ಹಿಡಿಯುವುದು ಮುಖ್ಯವಾಗಿ ಆ ಬಾಲದಿಂದ. ಮುಟ್ಟಿದ ನಾಲಿಗೆ ಬಿಡುವಷ್ಟರಲ್ಲಿ ಮುಂದಕ್ಕೆ ಜಾರಿ ಹೆಚ್ಚುಕಡಿಮೆ ನ ಜಾಗಕ್ಕೇ ಬಂದಿರುತ್ತದೆ. ಹಿಂದೆ ಸ್ವರವೇ ಇಲ್ಲದಿದ್ದರೆ? ಬಾಲವೂ ಇಲ್ಲ, ಗುರುತೂ ಇಲ್ಲ. ಪದದ ಮೊದಲಲ್ಲಿ ಣ ಮತ್ತು ನ ಬೇರೆ ಎಂದು ಕಿವಿಗೆ ಹೇಳುವುದೇ ಕಷ್ಟ!

ನಮ್ಮ ಭಾಷೆಗಳ ಮೂಲತಾಯಿಯಾದ ಮೂಲದ್ರಾವಿಡದಲ್ಲಿ ಇದು ಕಟ್ಟುನಿಟ್ಟಿನ ನಿಯಮವೇ ಆಗಿತ್ತು. ಟ, ಣ, ಳ, ಱ, ೞ ಯಾವುದೂ ಪದದ ಮೊದಲಿಗೆ ಬರುವಂತಿರಲಿಲ್ಲ. ಅಷ್ಟೇಕೆ, ರ, ಲ ಕೂಡ ಬರುತ್ತಿರಲಿಲ್ಲ. ‘ರಾಜ’ ಎಂಬ ಪದ ಹೊರಗಿನಿಂದ ಬಂದಾಗ ನಮ್ಮ ಹಿರಿಯರ ನಾಲಿಗೆ ಮುಂದೊಂದು ‘ಅ’ ಕೂಡಿಸಿ ‘ಅರಸ’ ಮಾಡಿಕೊಂಡಿತು. ಮಕ್ಕಳ ಪಟದ ಮೊದಲ ಚಿತ್ರ ನೆನಪಿದೆಯೇ? ಅ ಎಂದರೆ ಅರಸ. ಆ ‘ಅ’ ಅಲ್ಲಿಗೆ ಬಂದದ್ದೇ ರ ಮೊದಲಿಗೆ ನಿಲ್ಲಬಾರದೆಂದು! ಅಜ್ಜಿ ಹೇಳಿದ ‘ಹಿಂದಿಂದ್ಲೂ ಇರೋ ಕಟ್ಟು’ ಸಾವಿರಾರು ವರ್ಷ ಹಿಂದಿನದಾಗಿತ್ತು.

ಬಾಗಿಲನ್ನು ನೂಕಿ ನೋಡಿದವರೂ ಇದ್ದಾರೆ. ಹಳಗನ್ನಡದ ‘ತಗರ್’ ನಮ್ಮ ಬಾಯಲ್ಲೇ ‘ಟಗರು’ ಆಗಿ ಕೊಂಬು ಹಾಯಿಸಿ ಒಳಗೆ ನುಗ್ಗಿತು. ಪಕ್ಕದ ತೆಲುಗಂತೂ ಸ್ವರವನ್ನೇ ಎತ್ತಿ ಆಚೆ ಇಟ್ಟಿತು. ನಮ್ಮ ‘ಒರಳು’ ಅವರಿಗೆ ‘ರೋಲು’. ನಮ್ಮ ‘ಎರಡು’ ಅವರಿಗೆ ‘ರೆಂಡು’. ನಮ್ಮ ‘ಒಳ’ ಅವರಿಗೆ ‘ಲೋ’. ಒಂದೇ ತಾಯಿಯ ಎರಡು ಮಕ್ಕಳು, ಒಬ್ಬಳು ಹೊಸ್ತಿಲಲ್ಲಿ ಸ್ವರವೆಂಬ ರಂಗೋಲಿ ಇಟ್ಟೇ ಹೊರಡುತ್ತಾಳೆ, ಇನ್ನೊಬ್ಬಳು ಹೊಸ್ತಿಲು ಹಾರಿ ಓಡುತ್ತಾಳೆ.

ಘಟ್ಟ ಇಳಿದು ದಕ್ಷಿಣಕ್ಕೆ ಹೋಗಿ, ಅಲ್ಲಿ ಞ ಬಾಗಿಲು ಹಾರುಹೊಡೆದಿದೆ! ಮಲಯಾಳಿ ದಿನಕ್ಕೆ ನೂರು ಸಲ ‘ಞಾನ್’ ಎನ್ನುತ್ತಾನೆ. ಅರ್ಥ: ನಾನು. ಭಾನುವಾರ ಅವರಿಗೆ ‘ಞಾಯರ್’, ಎಂದರೆ ಸೂರ್ಯನ ವಾರ. ಆ ಞಾಯರ್ ಕನ್ನಡದ ‘ನೇಸರು’ ಪದಕ್ಕೆ ನೇರ ಬಂಧು. ಞಾನ್, ನಾನು. ಞಾಯರ್, ನೇಸರು. ಞ ಬಂದರೆ ನ! ಜಗಲಿಯಲ್ಲಿ ಅಜ್ಜಿ ಹೇಳಿದ ಆಟದ ಕಟ್ಟನ್ನೇ ಕನ್ನಡ ಭಾಷೆ ಯಾವತ್ತೋ ಆಡಿ ಮುಗಿಸಿದೆ. ಞ ನಮ್ಮನ್ನು ಪೂರ್ತಿ ಬಿಟ್ಟೂ ಹೋಗಿಲ್ಲ. ‘ಜ್ಞಾನ’ ಬರೆಯಿರಿ, ಜದ ಕೆಳಗೆ ಒತ್ತಾಗಿ ಕೂತಿರುವುದು ಅದೇ. ಙ ‘ವಾಙ್ಮಯ’ದ ನಡುವೆ ಕೂತಿದೆ.

ಳಕಾರದ ಗುಟ್ಟು ಬಿಡಿಸಲು ಕೇಶಿರಾಜನ ಬಳಿಗೆ ಹೋಗಬೇಕು. 13ನೇ ಶತಮಾನದ ಆತನ ‘ಶಬ್ದಮಣಿದರ್ಪಣ’ ಮೂರು ಬಗೆಯ ಳ ಹೇಳುತ್ತದೆ. ಕನ್ನಡಕ್ಕೆ ಸಹಜವಾದ ‘ಕುಳ’. ಈಗ ಬಳಕೆ ತಪ್ಪಿದ ‘ರಳ’, ಅದೇ ೞ. ನಮ್ಮ ಮಳೆ ಆಗ ‘ಮೞೆ’, ಬಾಳೆ ಆಗ ‘ಬಾೞೆ’, ಕೋಳಿ ಆಗ ‘ಕೋೞಿ’. ಕಂಪ್ಯೂಟರಿನ ಯುನಿಕೋಡ್ ಪಟ್ಟಿಯಲ್ಲಿ ಈ ೞಕ್ಕೆ ತಪ್ಪಾಗಿ ‘ಫ’ ಎಂಬ ಅರ್ಥದ ಹೆಸರು ಬಿದ್ದು, ಒಮ್ಮೆ ಇಟ್ಟ ಹೆಸರು ತೆಗೆಯುವಂತಿಲ್ಲ ಎಂಬ ನಿಯಮದಿಂದ ಇಂದಿಗೂ ಹಾಗೇ ಉಳಿದಿದೆ. ಮೂರನೆಯದು ‘ಕ್ಷಳ’. ಸಂಸ್ಕೃತದ ಲ ಕನ್ನಡಕ್ಕೆ ಬಂದು ಳ ಆಗುವ ಬಗೆ. ಅಲ್ಲಿ ‘ಧವಲ’, ಇಲ್ಲಿ ‘ಧವಳ’. ಲ ಮತ್ತು ಳ ಒಂದರ ಜಾಗದಲ್ಲಿ ಇನ್ನೊಂದು! ಅಜ್ಜಿಯ ‘ಳ ಬಂದ್ರೆ ಲ’ ಕೇಶಿರಾಜನ ದಾರಿಯನ್ನೇ ತಿರುಗಿ ನಡೆದಂತೆ ಇದೆ.

ಈ ‘ಧವಳ’ ಪದವನ್ನು ಬರೆದುಕೊಂಡಾಗ ಅದು ನನ್ನನ್ನು ಎಲ್ಲಿಗೆ ಒಯ್ಯಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಮೂಡಬಿದಿರೆಯ ಗರಿಗಳು

ಧವಳ ಎಂದರೆ ಬಿಳುಪು. ಅದೇ ಹೆಸರಿನ ಒಂದು ಗ್ರಂಥವೂ ಇದೆ. ಪುಷ್ಪದಂತ, ಭೂತಬಲಿ ಎಂಬ ಆಚಾರ್ಯರು ಪ್ರಾಕೃತದಲ್ಲಿ ರಚಿಸಿದ ‘ಷಟ್ಖಂಡಾಗಮ’ಕ್ಕೆ 9ನೇ ಶತಮಾನದ ವೀರಸೇನಾಚಾರ್ಯರು ಬರೆದ ಮಹಾವ್ಯಾಖ್ಯಾನ ‘ಧವಲಾ’, ನಮ್ಮ ಬಾಯಲ್ಲಿ ಧವಳ. ಷಟ್ಖಂಡ! ಮತ್ತೆ ಆರರ ಮನೆ! ಈ ಆಗಮದ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದದ್ದು ಯಾವ ಊರು? ನಮ್ಮ ದಕ್ಷಿಣ ಕನ್ನಡದ ಮೂಡಬಿದಿರೆ. ಅಲ್ಲಿಂದ ಪ್ರತಿ ಮಾಡಿ ತಂದ ಪಾಠವೇ ಮುಂದೆ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ 16 ಸಂಪುಟಗಳಾಗಿ ಅಚ್ಚಾಯಿತು. ಭಾಷೆ ಪ್ರಾಕೃತ. ಆದರೆ ಆ ಗರಿಗಳ ಮೇಲಿನ ಲಿಪಿ? ಹಳಗನ್ನಡ!

ಆ ಗ್ರಂಥ ತೆರೆದುಕೊಳ್ಳುವುದು ಜೈನರು ದಿನವೂ ಪಠಿಸುವ ಪಂಚನಮಸ್ಕಾರ ಮಂತ್ರದಿಂದ. ಶ್ರವಣಬೆಳಗೊಳದ ಬೆಟ್ಟ ಹತ್ತುವಾಗ ಎಷ್ಟೋ ಸಲ ಕಿವಿಗೆ ಬಿದ್ದ ಮಂತ್ರವದು. ಅದನ್ನು ಬರಹದಲ್ಲಿ, ಪ್ರಾಕೃತದ ಕಾಗುಣಿತದಲ್ಲಿ, ಅಂದು ಮೊದಲ ಬಾರಿಗೆ ಅಕ್ಷರ ಅಕ್ಷರವಾಗಿ ನೋಡಿದೆ. ಮೊದಲ ಪದದ ಮೇಲೆ ಬೆರಳಿಟ್ಟೆ. ಬೆರಳು ಅಲ್ಲೇ ನಿಂತಿತು.

‘ಣಮೋ.’

ಣ! ಪದದ ಮೊದಲಲ್ಲಿ! ವಾಕ್ಯದ ಮೊದಲಲ್ಲಿ! ಒಂದಿಡೀ ಆಗಮದ ಮೊದಲಲ್ಲಿ! ಲಾಟೀನಿನ ಬೆಳಕಲ್ಲಿ ನನ್ನನ್ನು ಅಳಿಸಿದ ಅಕ್ಷರ ನಮ್ಮದೇ ಲಿಪಿಯಲ್ಲಿ, ನಮ್ಮದೇ ನಾಡಿನ ಬಸದಿಯಲ್ಲಿ, ಶತಮಾನಗಳಿಂದ ಮೊದಲ ಸ್ಥಾನದಲ್ಲಿ ಕೂತಿತ್ತು. ನನಗೆ ಮೈಯೆಲ್ಲ ನವಿರೆದ್ದಿತು.

ಬೆರಗು ಅಲ್ಲಿಗೂ ಮುಗಿಯಲಿಲ್ಲ. ಸಂಸ್ಕೃತದ ‘ನಮೋ’ ಆ ಪ್ರಾಕೃತದಲ್ಲಿ ‘ಣಮೋ’. ಜ್ಞಾನ ಎಂಬುದು ಅಲ್ಲಿ ‘ಣಾಣ’, ತಲೆಯಲ್ಲೂ ಣ, ಬಾಲದಲ್ಲೂ ಣ. ನ ಇದ್ದ ಕಡೆ ಣ! ಣ ಬಂದರೆ ನ ಹೇಳು ಎಂದಿದ್ದಳಲ್ಲ ಅಜ್ಜಿ? ಪ್ರಾಕೃತ ಆ ಏಣಿಯನ್ನು ಆ ಕಡೆಯಿಂದ ಹತ್ತಿತ್ತು, ಅಜ್ಜಿ ಈ ಕಡೆಯಿಂದ ಇಳಿದಿದ್ದಳು. ಅಕ್ಷರಗಳ ನಂಟಸ್ತಿಕೆಯನ್ನು ಅವಳಿಗೆ ಯಾವ ವ್ಯಾಕರಣವೂ ಕಲಿಸಿರಲಿಲ್ಲ. ಆಟ ಕಲಿಸಿತ್ತು. ಆಟಕ್ಕೆ ಅವಳ ಅಜ್ಜಿ ಕಲಿಸಿದ್ದಳು.

ಕಳೆದ ಮಳೆಗಾಲದಲ್ಲಿ ಅದೇ ಜಗಲಿಯಲ್ಲಿ ಕೂತಿದ್ದೆವು. ಅಜ್ಜಿ ಈಗಿಲ್ಲ. ಕರೆಂಟು ಹೋಯಿತು, ಮಕ್ಕಳು ಮೊಬೈಲಿನ ಟಾರ್ಚು ಹಚ್ಚಿ ನೆಲದ ಮೇಲಿಟ್ಟು ಎರಡು ಗುಂಪಾದರು. ಆಟ ನಡೆಯಿತು. ನಾನು ಕಾದೆ. ಕೊನೆಗೂ ಆಚೆ ಪಕ್ಕದಿಂದ ಅಣ್ಣನ ಮಗಳು ಕೈ ತಟ್ಟಿ ಕೂಗಿದಳು: ‘ರಾವಣ!’

“ಣಮೋ” ಎಂದೆ.

ಎಲ್ಲರೂ ಗಪ್‌ಚಿಪ್. “ಅತ್ತೇ, ಅದು ಕನ್ನಡನಾ?” ಎಂದಳು ಅವಳು. ನಾನು ಅವಳಿಗೆ ತಾಳೆಗರಿಯ ಕಥೆ ಹೇಳಿದೆ, ಮೂಡಬಿದಿರೆಯ ಕಥೆ ಹೇಳಿದೆ, ಮುತ್ತಜ್ಜಿಯ ಕಟ್ಟನ್ನೂ ಹೇಳಿದೆ. ಅವಳು ನೆಲದ ಮೇಲೆ ಬೆರಳಿನಿಂದ ಒಂದು ‘ಣ’ ಬರೆದು, ಅದನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕೂತಳು. ಆಮೇಲೆ ಅವಳ ಕಣ್ಣು ಮಿಂಚಿತು. ಣಮೋ, ಮೋ, ಮ… ಅವಳು ಅಂಗಳದ ಕಡೆ ಕೈ ತೋರಿ ಗಟ್ಟಿಯಾಗಿ ಹೇಳಿದಳು:

“ಮಳೆ!”

ಳ. ನಾನು ನೋಟ್‌ಬುಕ್ಕು ತೆರೆದು ಹೊಸದೊಂದು ಪುಟದ ನೆತ್ತಿಯ ಮೇಲೆ ಆ ಅಕ್ಷರ ಬರೆದುಕೊಂಡೆ.